ಹದಿನಾಲ್ಕು ಸೂಜಿ

ಮೇವಿನ ಚೀಲ ಎರಡು ತಂದು
ನನ್ನ ಗ್ಯಾರೇಜಿನ ನೆಲಕ್ಕೆ ಸುರಿದಳು ಮಾರ್ಲಿಸ್.
ಎಲ್ಲ ಜೀನ್ಸು.
‘ನಾಲ್ವರದೂ ಇದೆ ಆರ್ಡಿಸ್, ಒಂದೇ ಕೌದಿ ಮಾಡಿಕೊಡು.’
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ,
ಹಿಮದಿಂದ ತಲೆಯೆತ್ತಿ ನಿಂತ ಸೂರ್ಯಕಾಂತಿ ಕಡ್ಡಿಗಳು.
ಅವಳ ಅಣ್ಣತಮ್ಮಂದಿರು ಹೊಲ ಹಂಚಿಕೊಂಡದ್ದು
ಉತ್ತರ ಡಕೋಟಾದ ಈ ಮೂಲೆಗೆಲ್ಲ ಗೊತ್ತು,
ಆಮೇಲೆ ಮಾತು ಬಿಟ್ಟದ್ದೂ.
ನಾನು ಕೇಳಲಿಲ್ಲ. ಕತ್ತರಿ ಹುಡುಕಿದೆ.

ಡೆಲ್ಮರನದು ಅಪ್ಪಟ ಹತ್ತಿ, ಹಳೇ ಕಾಲದ್ದು,
ನಿಲ್ಲಿಸಿದರೆ ತಾನೇ ನಿಲ್ಲುತ್ತದೆ, ಒಳಗೆ ಕಾಲು ಬೇಕಿಲ್ಲ.
ಓರ್ವಿನ್ ವೆಲ್ಡಿಂಗಿನವನು; ತೊಡೆಯ ತುಂಬ ಕಿಡಿ ಕಚ್ಚಿದ ತೂತು,
ಬೆಳಕಿಗೆ ಹಿಡಿದರೆ ಸಾಸಿವೆ ಚೆಲ್ಲಿದ ಹಾಗೆ.
ಕ್ಲೇಟನ್ ಎಣ್ಣೆಬಾವಿಯಲ್ಲಿ. ಮೂರು ಸಲ ಒಗೆದೆ,
ವಿನಿಗರಿನಲ್ಲಿ ನೆನೆಸಿಟ್ಟೆ ಒಂದು ರಾತ್ರಿ,
ಡೀಸೆಲ್ ವಾಸನೆ ಬಾಡಿಗೆ ಕೊಡದೆಯೂ ಮನೆ ಬಿಡದು.
ಕಿರಿಯ ರೋಲ್ಫನದು ಪೇಟೆಯ ಮಾಲು,
ನೂರಕ್ಕೆ ಎರಡು ಪಾಲು ರಬ್ಬರು;
ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ,
ಡೆಲ್ಮರನ ಪಕ್ಕಕ್ಕೆ ಹೊಲಿದರೆ ಸಾಕು
ಮುಖ ಸಿಂಡರಿಸುತ್ತದೆ.

ಹಳೇ ಬಟ್ಟೆ ತಾನೇ, ಪುಕ್ಕಟೆ, ಅನ್ನುತ್ತಾರೆ ಜನ.
ದುಡಿದವನ ಪ್ಯಾಂಟಿನಲ್ಲಿ ಮಂಡಿಯಿಲ್ಲ, ಕುಂಡೆಯಿಲ್ಲ,
ಕೌದಿಗೆ ಸಿಗುವುದು ಮೀನಖಂಡದ ಹಿಂದಿನ ಗೇಣು ಬಟ್ಟೆ.
ಮಿಕ್ಕಿದ್ದು ಜಿಪ್ಪು, ತಾಮ್ರದ ಗುಂಡಿ,
ಎರಡು ಗೋಧಿಕಾಳು, ಒಂದು ಸ್ಕ್ರೂ.
ಡೆಲ್ಮರನ ಹಿಂಜೇಬು ಬಿಚ್ಚಿದಾಗ ಮಾತ್ರ
ಕತ್ತರಿ ಕೆಳಗಿಟ್ಟೆ ತುಸು ಹೊತ್ತು:
ಅಡಿಯಲ್ಲಿ ಜೇಬಿನದೇ ಆಕಾರದ ನೀಲಿ,
ಅಂಗಡಿಯಿಂದ ತಂದ ದಿನದ್ದು,
ಬಿಸಿಲಿಗೂ ಸೋಪಿಗೂ ಸಿಗದೆ ಕೂತದ್ದು.
ಎಪ್ಪತ್ತರ ಈ ಮನುಷ್ಯ
ಅದರ ಮೇಲೇ ಕೂರುತ್ತಿದ್ದ ದಿನಾ.

ಇಲ್ಲಿ ನೆಲವೆಲ್ಲ ಚೌಕ, ಮೈಲಿಗೊಂದು ರಸ್ತೆ,
ನಾನೂ ಹಾಗೇ ಕತ್ತರಿಸಿದೆ, ಹಾಗೇ ಜೋಡಿಸಿದೆ.
ನಾಲ್ಕು ಮೂಲೆ ಕೂಡುವಲ್ಲಿ ಎಂಟು ಪದರ,
ಕಾಲಿನ ಹೊಲಿಗೆ ಅಲ್ಲಿಗೇ ಬಿದ್ದರೆ ಲೆಕ್ಕವೇ ಬೇಡ.
ಟಕ್.
ಸೂಜಿಯ ತುಂಡು ಕನ್ನಡಕಕ್ಕೆ ಬಡಿದು ಹಾರಿತು.
ಗಂಡನ ಸುತ್ತಿಗೆ ತಂದು ಮೂಲೆಗಳನ್ನು ಬಡಿದೆ,
ಕೆಳಮನೆಯಿಂದ ಬಾಡಿಗೆಯವನು ಸೂರಿಗೆ ಕುಟ್ಟಿದ,
ಟಕ್.
ಮೋಟಾರು ಸುಟ್ಟ ವಾಸನೆ. ಬಾಬಿನ್ನಿನ ಕೆಳಗೆ ನೀಲಿ ನಾರು
ಇಲಿಯೊಂದು ಸತ್ತು ಬಿದ್ದ ಹಾಗೆ.
ಕಲಸಿದ ಹಿಟ್ಟಿನ ಮೇಲೂ ನನ್ನ ಹೆಬ್ಬೆಟ್ಟು ನೀಲಿ.
ಟಕ್.

ಒಂಬತ್ತನೆಯ ಬೆಳಗ್ಗೆ ಕಾಫಿ ಹಿಡಿದು ನಿಂತಾಗ
ಎದುರಿನ ಹಾಲಿನ ಡೇರಿಯ ಗೋಡೆ ಕಂಡಿತು.
ನಲವತ್ತು ವರ್ಷದಿಂದ ಕಾಣುತ್ತಲೇ ಇದೆ.
ಇಟ್ಟಿಗೆಯವನು ನಾಲ್ಕು ಮೂಲೆ ಎಲ್ಲೂ ಕೂಡಿಸಿಲ್ಲ,
ಅರ್ಧ ಇಟ್ಟಿಗೆ ಸರಿಸಿ ಸರಿಸಿ ಕಟ್ಟಿದ್ದಾನೆ.
ಸರಿ, ಎಲ್ಲ ಬಿಚ್ಚಿದೆ.
ಹೊಲಿಯಲು ಒಂಬತ್ತು ದಿನ, ಬಿಚ್ಚಲು ನಾಲ್ಕು,
ಬೈಗುಳಕ್ಕೆ ನಾರ್ವೆಯ ಅಜ್ಜಿಯ ನುಡಿ ನೆನಪಾಯಿತು.
ರೋಲ್ಫನ ತುಂಡುಗಳಿಗೆ ಹಿಂದಿನಿಂದ ಕೋರಾ ಬಟ್ಟೆ ಅಂಟಿಸಿ
ನಿಗಾ ಇಟ್ಟು ಹೊಲಿದೆ, ಎಳೆಯದೆ, ತಳ್ಳದೆ.

ಇಬ್ಬರೂ ಸೇರಿ ಎತ್ತಿದೆವು, ಎಳೆಗರು ಎತ್ತಿದ ಹಾಗೆ.
ಮಾರ್ಲಿಸ್ ಬೆರಳಾಡಿಸಿ ಹುಡುಕಿದಳು,
‘ನಾಲ್ವರೂ ಕೂಡೋದು ಎಲ್ಲಿ?’
‘ಮೂವರು ಮೂವರೇ ಕೂಡುತ್ತಾರೆ.
ನಾಲ್ಕನೆಯವನು ಬಂದರೆ ಸೂಜಿ ಮುರಿಯುತ್ತೆ.’
‘ಗೊತ್ತು,’ ಎಂದಳು, ‘ಕ್ರಿಸ್‌ಮಸ್ಸಿಗೆ ನೋಡಿದ್ದೇನೆ.’

ಬಿಲ್ಲಿನಲ್ಲಿ ಬರೆದೆ: ದಾರ ಆರುಂಡೆ, ಸೂಜಿ ಹದಿನಾಲ್ಕು.
ಮರುಮಾತಿಲ್ಲದೆ ಕೊಟ್ಟಳು.
ಕಾರಿನ ಬಾಗಿಲು ಹಾಕುವಾಗ ಹೇಳಿದೆ, ಹೇಳಲೇಬೇಕಲ್ಲ:
ಮುರಿದ ಹದಿಮೂರರ ತುದಿ ಡಬ್ಬಿಯಲ್ಲಿವೆ,
ಅಯಸ್ಕಾಂತ ಆಡಿಸಿ ಆಡಿಸಿ ಹೆಕ್ಕಿದ್ದೇನೆ.
ಒಂದು ಸಿಕ್ಕಿಲ್ಲ.
ಯಾರು ಹೊದ್ದರೂ
ಸ್ವಲ್ಪ ನೋಡಿಕೊಂಡು ಹೊರಳಲಿ.